ಕೇರಿ, ವಾಡಿ, ವಲಯ: ಮುಂಬಯಿಯ ವಸತಿಗಳ ಚರಿತ್ರೆಗೆ ಒಂದು ಪ್ರವೇಶ

ಹೊರನಾಡ ಕನ್ನಡಿಗರ ಚರಿತ್ರೆಯನ್ನು ಕುರಿತು ನಡೆದಿರುವ ಕೆಲಸದಲ್ಲಿ ಸಂಘಸಂಸ್ಥೆಗಳಿಗೆ ದೊರೆತಿರುವ ಗಮನ ಆ ಸಂಸ್ಥೆಗಳು ನಿಂತ ನೆಲಕ್ಕೆ ದೊರೆತಿಲ್ಲ. ಮುಂಬಯಿಯ ಮಟ್ಟಿಗೆ ಈ ಮಾತು ಹೆಚ್ಚು ನಿಜ. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಮಾಟುಂಗದ ಭಾವು ದಾಜಿ ರಸ್ತೆಯಲ್ಲಿದೆ. 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ನೆಲೆ ರೈಲುಹಳಿ ದಾಟಿದರೆ ಸಿಗುವ ಮಾಹಿಮಿನ ಮೊಗಲ್ ಲೇನ್. ನ್ಯಾಷನಲ್ ಕನ್ನಡ ಎಜ್ಯುಕೇಶನ್ ಸೊಸೈಟಿಯ ಶಾಲೆ ವಡಾಲದಲ್ಲಿದೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಇಷ್ಟು ದೊಡ್ಡ ನಗರದಲ್ಲಿ ಇವು ಹೀಗೆ ಒಂದೇ ಮಗ್ಗುಲಿಗೆ ಸೇರಿಕೊಂಡದ್ದೇಕೆ ಎಂದರೆ, ‘ನಮ್ಮವರು ಅಲ್ಲಿ ಹೆಚ್ಚಾಗಿದ್ದರು’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಉತ್ತರ ಸುಳ್ಳಲ್ಲ, ಆದರೆ ಅದು ಪ್ರಶ್ನೆಯನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತದೆ, ಅಷ್ಟೆ. ನಮ್ಮವರು ಅಲ್ಲಿಯೇ ಏಕೆ ಹೆಚ್ಚಾದರು? ಕೋಟೆ ಪ್ರದೇಶದ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಹುಡುಗರ ರಾತ್ರಿಶಾಲೆಗಳು ಮಾಟುಂಗದಲ್ಲಿ ಹುಟ್ಟದೆ ಕೋಟೆಯ ಸುತ್ತಲೇ ಏಕೆ ಹುಟ್ಟಿದವು? ಬಂಟರ, ಬಿಲ್ಲವರ, ಮೊಗವೀರರ ಇಂದಿನ ಭವನಗಳು ಕುರ್ಲಾ, ಸಾಂತಾಕ್ರೂಜ್, ಅಂಧೇರಿಗಳಲ್ಲಿ ಏಕಿವೆ?

ಈ ಪ್ರಶ್ನೆಗಳಿಗೆ ಉತ್ತರ ಸಂಘಗಳ ನಡವಳಿ ಪುಸ್ತಕಗಳಲ್ಲಿ ಸಿಕ್ಕುವಷ್ಟೇ ನಗರದ ಕಟ್ಟಡ ನಿಯಮಗಳಲ್ಲಿಯೂ ಭೂಬಳಕೆಯ ನಕ್ಷೆಗಳಲ್ಲಿಯೂ ಸಿಕ್ಕುತ್ತದೆ ಎಂಬುದು ನಮ್ಮ ಸೂಚನೆ. ಎಲ್ಲಿ ಯಾರು ಇರಬೇಕು, ಎಲ್ಲಿ ಏನು ನಡೆಯಬೇಕು, ಎಷ್ಟು ಎತ್ತರ ಕಟ್ಟಬೇಕು ಎಂಬ ಮೂರು ಬಗೆಯ ನಿಯಮಗಳನ್ನು ನಗರಗಳು ಬೇರೆ ಬೇರೆ ಕಾಲದಲ್ಲಿ ಮುಂದಿಟ್ಟುಕೊಂಡಿವೆ. ಮೊದಲನೆಯದು ಆಳನ್ನು ನೋಡುತ್ತದೆ, ಎರಡನೆಯದು ಬಳಕೆಯನ್ನು ನೋಡುತ್ತದೆ, ಮೂರನೆಯದು ಅಳತೆಯನ್ನು ನೋಡುತ್ತದೆ. ಹಳೆಯ ವಸತಿಗೂ ಹೊಸ ಬಡಾವಣೆಗೂ ಇರುವ ಗುಣಭೇದ ಬಹುಮಟ್ಟಿಗೆ ಈ ನಿಯಮಭೇದದಿಂದ ಬಂದದ್ದು. ಆದರೆ ಹಿಂದಿನ ನಿಯಮ ಮುಂದಿನದು ಬಂದೊಡನೆ ಅಳಿಯುವುದಿಲ್ಲ; ಬಳಕೆಯ ನಿಯಮದ ಒಡಲಲ್ಲಿಯೇ ಆಳಿನ ನಿಯಮ ಉಳಿದುಕೊಳ್ಳುತ್ತದೆ. ಇದನ್ನು ಮುಂಬಯಿಯ ನಿದರ್ಶನದಿಂದ ತೋರಿಸಬಹುದು.

ಮೊದಲು ‘ಕೇರಿ’ ಎಂಬ ನಮ್ಮ ಪದ. ಅಷ್ಟಾದಶ ವರ್ಣನೆಗಳಲ್ಲಿ ನಗರವರ್ಣನೆಯೂ ಒಂದಾದುದರಿಂದ ಚಂಪೂಕವಿಗಳು ನಗರವನ್ನು ಬಿಡುವಂತಿರಲಿಲ್ಲ. ಅವರ ನಗರದಲ್ಲಿ ಕೋಟೆ, ಕಂದಕ, ಉಪ್ಪರಿಗೆಗಳ ನಡುವೆ ಕೇರಿಗಳು ಬರುತ್ತವೆ. ಪಂಪನ ‘ವಿಕ್ರಮಾರ್ಜುನವಿಜಯ’ದಲ್ಲಿ ಅರ್ಜುನ ಇರುಳಿನಲ್ಲಿ ಸೂಳೆಗೇರಿಯನ್ನು ನೋಡುತ್ತ ಸಾಗುವ ಭಾಗ ಪ್ರಸಿದ್ಧವಾದುದು. ವಚನಗಳಲ್ಲಿ ಇದೇ ಪದ ಹೊಲಗೇರಿಯಾಗಿ ಬಂದು ಬೇರೆಯೇ ಕಾವನ್ನು ಪಡೆಯುತ್ತದೆ. ಶಾಸನಗಳಲ್ಲಿ ಅಗ್ರಹಾರ, ಬ್ರಹ್ಮಪುರಿ, ಮಠಗಳ ಉಲ್ಲೇಖ ಧಾರಾಳವಾಗಿದೆ. ಈ ಎಲ್ಲ ಹೆಸರುಗಳೂ ಮೊದಲು ಹೇಳುವುದು ಅಲ್ಲಿ ಯಾರಿದ್ದಾರೆ ಎಂಬುದನ್ನು. ಏನು ನಡೆಯುತ್ತದೆ ಎಂಬುದು ಅದರಿಂದ ತಾನಾಗಿ ಬರುವ ಮಾತು, ಏಕೆಂದರೆ ವ್ಯಕ್ತಿಯ ಹುಟ್ಟಿಗೂ ಕಸುಬಿಗೂ ಬೇರ್ಪಾಡಿರಲಿಲ್ಲ. ಕುಂಬಾರಗೇರಿಯಲ್ಲಿ ಮನೆ, ತಿಗರಿ, ಆವಿಗೆ ಒಂದೇ ಅಂಗಳದವು. ಕೇರಿ ಜನರನ್ನು ಪ್ರತ್ಯೇಕಿಸಿತು, ಬದುಕಿನ ಕೆಲಸಗಳನ್ನು ಪ್ರತ್ಯೇಕಿಸಲಿಲ್ಲ. ಆಧುನಿಕ ನಗರ ಇದನ್ನು ತಿರುವುಮುರುವು ಮಾಡಲು ಹೊರಟಿತು.

ಆದರೆ ಕೇರಿಯ ಗೆರೆ ಕಾವ್ಯಗಳಲ್ಲಿ ಕಾಣುವಷ್ಟು ಗಟ್ಟಿಯಾಗಿರಲಿಲ್ಲ ಎಂಬುದಕ್ಕೂ ಸಾಕ್ಷ್ಯವಿದೆ. ಎರಡನೆಯ ದೇವರಾಯನ 1426ರ ಸಂಸ್ಕೃತ ಶಾಸನದ ಪ್ರಕಾರ ವಿಜಯನಗರದಲ್ಲಿ ಪಾರ್ಶ್ವನಾಥ ಚೈತ್ಯಾಲಯ ಎದ್ದದ್ದು ವೀಳ್ಯದೆಲೆ ಅಡಕೆಗಳ ಅಂಗಡಿಬೀದಿಯಲ್ಲಿ. ಸರಕಿನ ಹೆಸರಿನ ಬೀದಿಯಲ್ಲಿ ಅರಸನೇ ಬಸದಿಯನ್ನು ಕಟ್ಟಿಸುತ್ತಾನೆ. ಅದನ್ನು ಯಾರೂ ನಿಯಮಭಂಗವೆಂದು ಎಣಿಸಿದಂತಿಲ್ಲ. ಬೆಂಗಳೂರಿನ ಪೇಟೆಯಲ್ಲಿಯೂ ಅಕ್ಕಿಪೇಟೆ, ಬಳೇಪೇಟೆಗಳು ಸರಕಿನಿಂದ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆಗಳು ಜನರಿಂದ ಹೆಸರು ಪಡೆದು ಒಂದರ ಪಕ್ಕ ಒಂದು ಬೆಳೆದವು. 1892ರಲ್ಲಿ ಅದೇ ಊರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳನ್ನು ಯೋಜಿಸಿದಾಗ ಅಗಲವಾದ ರಸ್ತೆ, ಗಾಳಿಬೆಳಕು ಎಂಬ ಹೊಸ ಮಾತುಗಳ ಜೊತೆಗೇ ಜಾತಿ ಮತಗಳಿಗೆ ಅನುಸಾರವಾಗಿ ನಿವೇಶನ ಭಾಗಗಳನ್ನು ವಿಂಗಡಿಸಲಾಯಿತು. ಹಳೆಯ ಪೇಟೆಯಲ್ಲಿ ರೂಢಿಯಾಗಿದ್ದುದು ಹೊಸ ಬಡಾವಣೆಯಲ್ಲಿ ಸರ್ಕಾರಿ ಕಾಗದಕ್ಕೆ ಏರಿತು. ಹೊಸದು ಎಂದ ಮಾತ್ರಕ್ಕೆ ಕೇರಿಯಿಂದ ಬಿಡುಗಡೆಯಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂಬಯಿಗೆ ಬರಬೇಕು.

ಮುಂಬಯಿಯ ಹಳೆಯ ಊರಿನ ಹೆಸರುಗಳು ಪೇಟೆಯ ಹೆಸರುಗಳಿಗೆ ನೆಂಟರು. ಝವೇರಿ ಬಜಾರ್, ಲೋಹಾರ್ ಚಾಳ್, ತಾಂಬಾಕಾಂಟಾ, ಕುಂಭಾರವಾಡಾ. ಗಿರಗಾಂವಿನ ಕಡೆಗೆ ಹಲಸಿನ ನೆನಪನ್ನು ಹೊತ್ತ ಫಣಸವಾಡಿ. ಕಾಮಾಠಿಪುರದ ಹೆಸರಿನಲ್ಲಿ ತೆಲುಗು ನಾಡಿನಿಂದ ಬಂದ ಕೂಲಿಕಾರರಿದ್ದಾರೆ. ಕೆಳಗೆ ಅಂಗಡಿ, ಹಿಂದೆ ಗೋದಾಮು, ಮೇಲೆ ಮನೆ, ಮಹಡಿಯ ಮೊಗಸಾಲೆಯಲ್ಲಿ ನೌಕರರ ಹಾಸಿಗೆ: ಇದು ಇಲ್ಲಿನ ಕಟ್ಟಡದ ಕ್ರಮ. 1896ರ ಸೆಪ್ಟೆಂಬರಿನಲ್ಲಿ ಬಂದರಿಗೆ ಹತ್ತಿದ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಈ ಕ್ರಮವೇ ಅಪರಾಧಿಯ ಸ್ಥಾನದಲ್ಲಿ ನಿಂತಿತು. ರೋಗ ಇಲಿಯ ಚಿಗಟದಿಂದ ಹರಡುತ್ತದೆಂಬುದು ಆಗಿನ್ನೂ ತಿಳಿದಿರಲಿಲ್ಲ. ಕತ್ತಲೆ ಮತ್ತು ಕೆಟ್ಟ ಗಾಳಿಗಳೇ ಕಾರಣವೆಂಬ ನಂಬಿಕೆ ಬಲವಾಗಿತ್ತು. 1898ರಲ್ಲಿ ಕಾನೂನಿನ ಮೂಲಕ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದರ ಮೊದಲ ಕೆಲಸ ಒಡೆಯುವುದು: ನಾಗಪಾಡಾದಂತಹ ಕಿಕ್ಕಿರಿದ ಭಾಗಗಳನ್ನು ಕೆಡವಿ, ಪಡುಗಡಲ ಗಾಳಿಯನ್ನು ಊರೊಳಗೆ ಬಿಟ್ಟುಕೊಳ್ಳಲು ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡುಗಳನ್ನು ಸೀಳಿದರು. ಎರಡನೆಯ ಕೆಲಸ ಕಟ್ಟಿಸುವುದು. ದ್ವೀಪದ ಉತ್ತರದಲ್ಲಿ ಗದ್ದೆ, ತೋಟ, ತಗ್ಗುಗಳಿದ್ದ ದಾದರ, ಮಾಟುಂಗ, ವಡಾಲ, ಸಯನ್ ಕಡೆಗಳಲ್ಲಿ ಭೂಮಿಯನ್ನು ವಶಪಡಿಸಿಕೊಂಡು, ರಸ್ತೆ, ಚರಂಡಿ, ಉದ್ಯಾನಗಳ ಗೆರೆಯೆಳೆದು, ನಿವೇಶನಗಳನ್ನು ದೀರ್ಘಾವಧಿ ಗುತ್ತಿಗೆಗೆ ಕೊಟ್ಟರು. ಕರಾರುಗಳಲ್ಲಿ ಕಟ್ಟಡದ ರೂಪದ ಷರತ್ತುಗಳಿದ್ದವು.

ಆ ಷರತ್ತುಗಳ ಹಿಂದಿನ ತತ್ತ್ವ ಬೆಳಕಿನ ಕೋನ. ಟ್ರಸ್ಟಿನ ಮುಖ್ಯಸ್ಥರಾಗಿದ್ದ ಜೆ. ಪಿ. ಓರ್ ಅವರು 1912ರಲ್ಲಿ ಮುಂಬಯಿಯ ವಸತಿಗಳ ಗಾಳಿಬೆಳಕನ್ನು ಕುರಿತು ಉಪನ್ಯಾಸವನ್ನೇ ಕೊಟ್ಟರು. ನಿಯಮ ಸರಳವಾದುದು: ಕೆಳಮಹಡಿಯ ಬುಡದಿಂದ ಎದುರು ಕಟ್ಟಡದ ಮೇಲ್ತುದಿಗೆ ಎಳೆದ ಗೆರೆ ನೆಲದೊಡನೆ 63½ ಅಂಶಕ್ಕಿಂತ ಕಡಿದಾಗಬಾರದು. ಲೆಕ್ಕಕ್ಕೆ ಇಳಿಸಿದರೆ, ಕಟ್ಟಡದ ಎತ್ತರ ಅದರ ಎದುರಿನ ತೆರವಿನ ಎರಡರಷ್ಟನ್ನು ಮೀರಬಾರದೆಂದು ಅರ್ಥ. ಮಾಟುಂಗದ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು, ಅವುಗಳ ನಡುವಿನ ಓಣಿ, ಓಣಿಯಲ್ಲಿ ನಿಂತ ಮರ ಇವೆಲ್ಲವೂ ಆ ಕೋನದ ಮಕ್ಕಳು. ಈ ಬಡಾವಣೆಗಳ ಸೌಮ್ಯತೆಯನ್ನು ಅಲ್ಲಿನ ನಿವಾಸಿಗಳ ಸಂಸ್ಕೃತಿಯ ಫಲವೆಂದು ಬಣ್ಣಿಸುವ ಬರಹಗಳು ಬೇಕಾದಷ್ಟಿವೆ. ನಿವಾಸಿಗಳ ಸಂಸ್ಕೃತಿಗೆ ನಮ್ಮ ಗೌರವವಿದೆ. ಆದರೆ ಮೊದಲ ಗೌರವ ಆ ಕೋನಕ್ಕೆ ಸಲ್ಲಬೇಕು.

ಟ್ರಸ್ಟಿನ ನಿಯಮ ರೂಪವನ್ನು ಕುರಿತದ್ದೇ ಹೊರತು ಜನರನ್ನು ಕುರಿತದ್ದಲ್ಲ ಎಂದು ತೋರುತ್ತದೆ. ನಡೆದದ್ದು ಅಷ್ಟು ಸರಳವಲ್ಲ. ಮಾಂಚೆರ್ಜಿ ಜೋಶಿ ಎಂಬ ಪಾರ್ಸಿ ಇಂಜಿನಿಯರರು ಟ್ರಸ್ಟಿನ ಮನವೊಲಿಸಿ 103 ನಿವೇಶನಗಳನ್ನು ತಮ್ಮ ಸಮುದಾಯದ ಮಧ್ಯಮವರ್ಗಕ್ಕೆ ಮೀಸಲಾಗಿ ಪಡೆದರು. ದಾದರದ ಪಾರ್ಸಿ ಕಾಲನಿ ಹುಟ್ಟಿದ್ದು ಹಾಗೆ. ಅದರ ನೆರೆಯಲ್ಲಿ ಹಿಂದೂ ಕಾಲನಿ ಎಂಬ ಹೆಸರೇ ನಿಂತಿತು. ಮಾಟುಂಗದಲ್ಲಿ ಹೀಗೆ ಲಿಖಿತ ಮೀಸಲಾತಿ ಇರಲಿಲ್ಲ. ಆದರೆ ಕಟ್ಟಡದ ಷರತ್ತು ಮನೆಯ ಬಾಡಿಗೆಯನ್ನೂ, ಬಾಡಿಗೆ ಬಾಡಿಗೆದಾರನನ್ನೂ ಗೊತ್ತುಮಾಡಿತು. ಮನೆಯೊಳಗೇ ಶೌಚ ಮತ್ತು ಸ್ನಾನದ ಕೋಣೆಗಳಿರುವ ಹೊಸ ಬಗೆಯ ಫ್ಲ್ಯಾಟು ತಿಂಗಳ ಸಂಬಳದ ಗುಮಾಸ್ತನಿಗೆ ಎಟುಕುತ್ತಿತ್ತು, ಗಿರಣಿ ಕಾರ್ಮಿಕನಿಗೆ ಎಟುಕುತ್ತಿರಲಿಲ್ಲ. ಇಂಗ್ಲಿಷ್ ಕಲಿತು ಕಚೇರಿ ಕೆಲಸಕ್ಕೆ ಬಂದ ದಕ್ಷಿಣದವರು, ಮುಖ್ಯವಾಗಿ ತಮಿಳರು, ಇಲ್ಲಿ ನೆಲೆಸಿದರು. ಗುಜರಾತಿ, ಮರಾಠಿ ಊರುಗಳ ನಡುವೆ ಹೊರಗಿನವರಾಗಿದ್ದವರಿಗೆ ಹಳೆಯ ಒಡೆಯರಿಲ್ಲದ ಹೊಸ ಬಡಾವಣೆ ಅನುಕೂಲವಾಗಿತ್ತು ಎಂಬುದನ್ನು ನಿಖಿಲ್ ರಾವ್ ಅವರು ದಾದರ ಮಾಟುಂಗಗಳನ್ನು ಕುರಿತ 2013ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಕನ್ನಡಿಗರು ಈ ಗುಂಪಿನ ಚಿಕ್ಕ ಪಾಲು. ಮೈಸೂರಿನಿಂದ ಬಂದ ನೌಕರನಿಗೆ ‘ದಕ್ಷಿಣದವನು’ ಎಂಬ ಗುರುತು ಮಾಟುಂಗದ ಬಾಡಿಗೆಮನೆಯಲ್ಲಿ ಅಂಟಿಕೊಂಡಿತು. ‘ಕನ್ನಡಿಗನು’ ಎಂಬ ಗುರುತನ್ನು ಅಸೋಸಿಯೇಷನ್ನಿನಲ್ಲಿ ಅವನು ಕಟ್ಟಿಕೊಳ್ಳಬೇಕಾಯಿತು. 1942ರಲ್ಲಿ ಮಾಟುಂಗ ನಿಲ್ದಾಣದ ಬಳಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೌಸು ಈ ಎರಡೂ ಗುರುತುಗಳಿಗೆ ಒಂದೇ ಎಲೆಯಲ್ಲಿ ಬಡಿಸಿತು.

ಹೀಗೆ ನೋಡಿದರೆ, ಸಂಸ್ಥೆಗಳು ಮಾಟುಂಗದ ಸುತ್ತ ಸೇರಿದ್ದು ಭಾಷಾಭಿಮಾನದಿಂದ ಮಾತ್ರವಲ್ಲ. ಟ್ರಸ್ಟಿನ ಬಡಾವಣೆಗಳು ಮತ್ತು ಅವುಗಳ ಅಂಚುಗಳು ಹುಟ್ಟಿಸಿದ ಒಂದು ವರ್ಗದ ವಿಳಾಸ ಅದಾಗಿತ್ತು.

ಅದೇ ಕಾಲದಲ್ಲಿ ದಕ್ಷಿಣಕ್ಕೆ ಮೂರು ನಾಲ್ಕು ಕಿಲೋಮೀಟರು ದೂರದ ಗಿರಣಗಾಂವಿನಲ್ಲಿ ನಗರ ಬೇರೊಂದು ರೀತಿಯಲ್ಲಿ ಬೆಳೆಯುತ್ತಿತ್ತು. 1854ರಲ್ಲಿ ಕಾವಸ್‌ಜಿ ದಾವರ್ ಮೊದಲ ಬಟ್ಟೆಗಿರಣಿಗೆ ಕೈಹಾಕಿದ ಮೇಲೆ ಪರಳ, ಲಾಲಬಾಗ್, ವರಳಿಗಳ ಸುತ್ತ ಗಿರಣಿಗಳೂ ಚಾಳುಗಳೂ ಹೆಗಲಿಗೆ ಹೆಗಲು ಕೊಟ್ಟು ಎದ್ದವು. 1920ರಲ್ಲಿ ಸ್ಥಾಪಿತವಾದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಾರ್ಮಿಕರಿಗಾಗಿ ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತು. ನೆಲಮಹಡಿಯ ಮೇಲೆ ಮೂರು ಅಂತಸ್ತು, ಒಂದೊಂದು ಚಾಳಿಗೆ 80 ಕೋಣೆ, ಕೋಣೆಗೆ 160 ಚದರಡಿ, ಶೌಚಾಲಯ ಮಹಡಿಯ ಎಲ್ಲರಿಗೂ ಸಮಾನ. ಮಾಟುಂಗದ ಗುಮಾಸ್ತನಿಗೆ ಒಳಗಿನ ಸ್ನಾನಗೃಹ, ವರಳಿಯ ಕಾರ್ಮಿಕನಿಗೆ ಹೊರಗಿನ ಸಾಲು: ಒಂದೇ ನಗರದ ಆಡಳಿತ ಹತ್ತು ಹದಿನೈದು ವರ್ಷಗಳ ಅಂತರದಲ್ಲಿ ಮಾಡಿದ ಎರಡು ತೀರ್ಮಾನಗಳಿವು. ಕೇರಿಯ ನಿಯಮ ಕಾಗದದಲ್ಲಿ ಇಲ್ಲದಿದ್ದರೂ ಕೊಳಾಯಿಯಲ್ಲಿ ಇತ್ತು.

ಆದರೆ ಗಿರಣಗಾಂವಿನ ಗುಣ ಈ ಬಡತನದಿಂದ ಮಾತ್ರ ಬಂದದ್ದಲ್ಲ. ಇಲ್ಲಿ ಕೆಲಸ, ನಿದ್ರೆ, ಊಟ, ಭಜನೆ, ಮುಷ್ಕರ ಎಲ್ಲವೂ ಕೂಗಿನ ಅಳತೆಯಲ್ಲಿ ನಡೆಯುತ್ತಿದ್ದವು. ಕುಟುಂಬವನ್ನು ಊರಲ್ಲಿ ಬಿಟ್ಟು ಬಂದ ಕಾರ್ಮಿಕರಿಗೆ ಹೆಂಗಸರು ತಮ್ಮ ಒಂದೇ ಕೋಣೆಯಲ್ಲಿ ಅಡುಗೆಮಾಡಿ ಬಡಿಸುವ ಖಾನಾವಳಿ ಈ ಪ್ರದೇಶದ ವಿಶಿಷ್ಟ ಸಂಸ್ಥೆ. 1975ರಲ್ಲಿ ಪ್ರೇಮಾ ಪುರವ್ ಅವರು ಈ ಹೆಂಗಸರನ್ನೇ ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಖಾನಾವಳಿ ವಸತಿಯೋ ವಾಣಿಜ್ಯವೋ? ಕೇರಿಯ ಕಾಲದ ಮನುಷ್ಯನಿಗೆ ಈ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಅದನ್ನು ಕೇಳಿದ್ದು ಬಳಕೆಯ ನಿಯಮ.

ಟ್ರಸ್ಟು 1933ರಲ್ಲಿ ನಗರಪಾಲಿಕೆಯಲ್ಲಿ ವಿಲೀನವಾಗಿತ್ತು. 1948ರಲ್ಲಿ ಮೋಡಕ್ ಮತ್ತು ಆಲ್ಬರ್ಟ್ ಮೇಯರ್ ಬೃಹನ್ಮುಂಬಯಿಗೆ ಸ್ಥೂಲ ಯೋಜನೆಯೊಂದನ್ನು ಸೂಚಿಸಿದರು. 1954ರ ನಗರ ಯೋಜನಾ ಕಾಯಿದೆ ಇಡೀ ನಗರಕ್ಕೆ ಅಭಿವೃದ್ಧಿ ಯೋಜನೆಯನ್ನು ಕಡ್ಡಾಯಗೊಳಿಸಿತು. 1964ರಲ್ಲಿ ಸಿದ್ಧವಾಗಿ 1967ರಲ್ಲಿ ಒಪ್ಪಿಗೆ ಪಡೆದ ಯೋಜನೆ ನಗರದ ನೆಲವನ್ನೆಲ್ಲ ವಸತಿ, ವಾಣಿಜ್ಯ, ಉದ್ಯಮ ಎಂದು ಬಣ್ಣಬಣ್ಣದ ವಲಯಗಳಾಗಿ ಹಂಚಿತು. 1991ರ ನಿಯಂತ್ರಣ ನಿಯಮಗಳಲ್ಲಿ ಈ ವಿಂಗಡಣೆ ಇನ್ನೂ ಸೂಕ್ಷ್ಮವಾಗಿದೆ: ಶುದ್ಧ ವಸತಿಯ ವಲಯವೊಂದು, ರಸ್ತೆಯ ಕಡೆಗೆ ಅಂಗಡಿಸಾಲಿರುವ ವಸತಿ ವಲಯವೊಂದು, ಎರಡು ದರ್ಜೆಯ ವಾಣಿಜ್ಯ, ಮೂರು ದರ್ಜೆಯ ಉದ್ಯಮ. ಈ ನಕ್ಷೆ ಯಾರ ಜಾತಿಯನ್ನೂ ಕೇಳುವುದಿಲ್ಲ. ಹೊಲಗೇರಿಯ ನೆನಪಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಕೇರಿಯ ಸೊಗಸನ್ನು ಕೊಂಡಾಡಿ ವಲಯವನ್ನು ಹಳಿಯುವವರು ಈ ಒಂದು ಸಂಗತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ನಿಂತ ಮೇಲೆ ಅದರ ಮಿತಿಯನ್ನೂ ನೋಡಬೇಕು. ಬಳಕೆಯ ನಿಯಮಕ್ಕೆ ಸ್ಥಳ ಕಾಣುತ್ತದೆ, ಹೊತ್ತು ಕಾಣುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಚರಿತ್ರೆ ಇಲ್ಲಿ ಪ್ರಸ್ತುತವಾಗುತ್ತದೆ. ಕೋಟೆ ಪ್ರದೇಶದ ಹೋಟೆಲಿನಲ್ಲಿ ಹಗಲು ದುಡಿದ ಹುಡುಗ ಸಂಜೆ ಹತ್ತಿರದ ಶಾಲೆಯಲ್ಲಿ ಕುಳಿತು, ಮತ್ತೆ ಹೋಟೆಲಿಗೇ ಬಂದು, ಮೇಜುಗಳನ್ನು ಸರಿಸಿ ನೆಲದ ಮೇಲೆ ಮಲಗುತ್ತಿದ್ದ. ಅವನಿಗೆ ಉಪಾಹಾರಗೃಹವೇ ಮನೆ. ಹಗಲು ಬೇರೆ ಮಕ್ಕಳು ಕಲಿತ ಕೊಠಡಿಯೇ ಇರುಳು ಅವನ ಕೊಠಡಿ. ಒಂದೇ ಚದರಡಿ ನೆಲ ದಿನಕ್ಕೆ ಎರಡು ಮೂರು ಬಾರಿ ಕೈಬದಲಿಸುವ ಈ ಏರ್ಪಾಡು ಯಾವ ವಲಯದ ಬಣ್ಣಕ್ಕೂ ಸಲ್ಲದು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ಶಿಕ್ಷಣಕ್ಕೆ ಕೈಹಾಕಿದಾಗ ಅವು ನೆಚ್ಚಿದ್ದು ಈ ಹೊತ್ತಿನ ಹಂಚಿಕೆಯನ್ನು. ಕೋಟೆ ಪ್ರದೇಶ ವಾಣಿಜ್ಯದ ಬಣ್ಣವನ್ನು ಗಟ್ಟಿಯಾಗಿ ಹೊತ್ತ ಮೇಲೆ ಅಲ್ಲಿ ಇರುಳು ಉಳಿಯುವವರು ಕಡಿಮೆಯಾದರು. ರಾತ್ರಿಶಾಲೆಗಳ ಇಳಿಮುಖಕ್ಕೆ ಬೇರೆ ಕಾರಣಗಳೂ ಇವೆ. ಕರಾವಳಿಯ ಊರೂರಿನಲ್ಲಿ ಶಾಲೆಗಳಾದವು, ಹನ್ನೆರಡರ ಹುಡುಗ ಹಡಗು ಹತ್ತಿ ಬರುವ ಕಾಲ ಮುಗಿಯಿತು. ಎಲ್ಲವನ್ನೂ ನಕ್ಷೆಯ ತಲೆಗೆ ಕಟ್ಟುವುದು ನಮ್ಮ ಉದ್ದೇಶವಲ್ಲ. ಆದರೆ ವಸತಿಯಿಲ್ಲದ ಕಡೆ ಶಾಲೆ ನಿಲ್ಲದು ಎಂಬುದಕ್ಕೆ ನಕ್ಷೆಯ ಸಾಕ್ಷ್ಯವಂತೂ ಇದೆ.

ಮೂರನೆಯದಾದ ಅಳತೆಯ ನಿಯಮವೂ 1964ರ ಯೋಜನೆಯೊಡನೆಯೇ ಬಂದದ್ದು. ಫ್ಲೋರ್ ಸ್ಪೇಸ್ ಇಂಡೆಕ್ಸ್, ರೂಢಿಯಲ್ಲಿ ಎಫ್‌ಎಸ್‌ಐ ಎಂಬುದು ನಿವೇಶನದ ವಿಸ್ತೀರ್ಣಕ್ಕೂ ಅದರ ಮೇಲೆ ಕಟ್ಟಬಹುದಾದ ಒಟ್ಟು ಅಂತಸ್ತುಗಳ ವಿಸ್ತೀರ್ಣಕ್ಕೂ ಇರುವ ಪ್ರಮಾಣ. 1991ರ ನಿಯಮಗಳಲ್ಲಿ ದ್ವೀಪನಗರಕ್ಕೆ 1.33, ಉಪನಗರಗಳಿಗೆ 1 ಎಂದಿತ್ತು. ಅಂದರೆ ಸಾವಿರ ಚದರ ಮೀಟರಿನ ದ್ವೀಪದ ನಿವೇಶನದಲ್ಲಿ 1,330 ಚದರ ಮೀಟರು ಕಟ್ಟಬಹುದು. ಬೆಳಕಿನ ಕೋನಕ್ಕೂ ಈ ಅಂಕಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಕೋನ ಎರಡು ಕಟ್ಟಡಗಳ ನಡುವಿನ ಸಂಬಂಧ, ನೆರೆಯವನ ಕಿಟಕಿಯನ್ನು ನೆನಪಿನಲ್ಲಿಟ್ಟುಕೊಂಡ ನಿಯಮ. ಎಫ್‌ಎಸ್‌ಐ ಒಂದೇ ನಿವೇಶನದ ಗುಣಾಕಾರ. ಗುಣಾಕಾರವನ್ನು ಹೆಚ್ಚಿಸಬಹುದು, ಬಹುಮಾನವಾಗಿ ಕೊಡಬಹುದು, ಮಾರಬಹುದು. 1991ರಿಂದ ಕಟ್ಟುವ ಹಕ್ಕನ್ನೇ ಬೇರೆ ನೆಲಕ್ಕೆ ವರ್ಗಾಯಿಸುವ ಪದ್ಧತಿ ಬಂದು, ದ್ವೀಪದಲ್ಲಿ ಹುಟ್ಟಿದ ಹಕ್ಕು ಉಪನಗರದ ಕಟ್ಟಡಗಳ ನೆತ್ತಿಯ ಮೇಲೆ ಹೋಗಿ ಕುಳಿತಿತು. ಅದೇ ನಿಯಮಾವಳಿಯ 33ನೆಯ ನಿಯಮದ 7ನೆಯ ಖಂಡ ಹಳೆಯ ಬಾಡಿಗೆ ಕಟ್ಟಡಗಳ ಪುನರ್ನಿರ್ಮಾಣಕ್ಕೆ ಹೆಚ್ಚಿನ ಎಫ್‌ಎಸ್‌ಐಯನ್ನು ಕೊಟ್ಟಿತು. 1947ರ ಬಾಡಿಗೆ ಕಾಯಿದೆಯಿಂದ ಬಾಡಿಗೆ ನಿಂತುಹೋಗಿ, ಒಡೆಯ ದುರಸ್ತಿಯನ್ನು ಮರೆತು, ಕಟ್ಟಡಗಳು ಕುಸಿಯುವ ಹಂತಕ್ಕೆ ಬಂದಿದ್ದ ಸನ್ನಿವೇಶದಲ್ಲಿ ಇದಕ್ಕೆ ನ್ಯಾಯವಾದ ಕಾರಣವಿತ್ತು. ಆದರೆ ಹೆಚ್ಚಿನ ಅಂತಸ್ತಿನ ಜೊತೆಗೆ ತೆರವಿನ ನಿಯಮದಿಂದ ವಿನಾಯಿತಿಯೂ ಬಂದಿತು. ಪ್ಲೇಗಿನ ಭಯದಲ್ಲಿ ಗಳಿಸಿದ ಬೆಳಕಿನ ಓಣಿ ಹೀಗೆ ಚೌಕಾಶಿಯಲ್ಲಿ ಕರಗತೊಡಗಿತು. ಮಾಟುಂಗದಲ್ಲಿ ಇಂದು ಮೂರು ಅಂತಸ್ತಿನ ಕಟ್ಟಡದ ಪಕ್ಕದಲ್ಲಿಯೇ ಗೋಪುರದೆತ್ತರದ ಕಟ್ಟಡ ನಿಂತಿದ್ದರೆ, ಅವುಗಳ ನಡುವೆ ಇರುವುದು ನಿಯಮ ಹುಟ್ಟಿದ ಕಾಲಗಳ ಅಂತರ.

ಅಳತೆಯ ನಿಯಮ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಕೆಲಸಮಾಡಿದ್ದು ಗಿರಣಿ ಭೂಮಿಯಲ್ಲಿ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಮುಷ್ಕರ ವಿಧಿವತ್ತಾಗಿ ಮುಗಿಯಲೇ ಇಲ್ಲ ಎನ್ನುವುದು ವಾಡಿಕೆ. ಗಿರಣಿಗಳು ಒಂದೊಂದಾಗಿ ಸೊರಗಿದವು. ಉಳಿದದ್ದು ನಗರದ ನಡುಮಧ್ಯದ ಸುಮಾರು 600 ಎಕರೆ ನೆಲ. ಆ ನೆಲದ ಬಣ್ಣ ಉದ್ಯಮದ್ದಾದುದರಿಂದ ಒಡೆಯರು ಅದನ್ನು ಮನಬಂದಂತೆ ಮಾರುವಂತಿರಲಿಲ್ಲ. 1991ರ ನಿಯಮಾವಳಿಯ 58ನೆಯ ನಿಯಮ ದಾರಿಯೊಂದನ್ನು ತೆರೆಯಿತು: ಸ್ಥೂಲವಾಗಿ ಮೂರನೆಯ ಒಂದು ಪಾಲು ಬಯಲಿಗಾಗಿ ನಗರಪಾಲಿಕೆಗೆ, ಮತ್ತೊಂದು ಪಾಲು ಸಾಮಾನ್ಯರ ವಸತಿಗೆ, ಉಳಿದದ್ದು ಒಡೆಯರಿಗೆ. 1996ರಲ್ಲಿ ಚಾರ್ಲ್ಸ್ ಕೊರಿಯಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಈ ನೆಲವನ್ನೆಲ್ಲ ಒಟ್ಟಾಗಿ ನೋಡಿ ಯೋಜಿಸಲು ಯತ್ನಿಸಿತು. 2001ರಲ್ಲಿ ನಿಯಮ ತಿದ್ದುಪಡಿಯಾಯಿತು. ಹಂಚಿಕೆಗೆ ಬರುವುದು ಗಿರಣಿಯ ಎಲ್ಲ ನೆಲವಲ್ಲ, ಕಟ್ಟಡಗಳಿಲ್ಲದೆ ಮೊದಲೇ ಖಾಲಿಯಿದ್ದ ನೆಲ ಮಾತ್ರ ಎಂದು ಅದರ ಅರ್ಥವಾಯಿತು. ಗಿರಣಿ ಎಂದರೆ ನೆಲದ ತುಂಬ ಹರಡಿದ ಮಾಡು. ಖಾಲಿ ನೆಲ ಎಷ್ಟಿದ್ದೀತು? ಕಟ್ಟಡವನ್ನು ಕೆಡವಿದ ಮೇಲೆ ತೆರವಾಗುವ ಜಾಗ ಲೆಕ್ಕಕ್ಕೆ ಬಾರದೆ, ಊರಿಗೂ ವಸತಿಗೂ ಬರಬೇಕಾಗಿದ್ದ ಪಾಲು ಅಂಚಿನ ತುಂಡುಗಳಿಗೆ ಇಳಿಯಿತು. 2005ರ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಹಳೆಯ ಹಂಚಿಕೆಯ ಪರವಾಗಿ ತೀರ್ಪಿತ್ತಿತು. 2006ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಒಂದು ವಾಕ್ಯದ ವ್ಯಾಪ್ತಿಯನ್ನು ಕುರಿತ ವಾದ ಇದು. ಗ್ರಂಥಸಂಪಾದನೆಯಲ್ಲಿ ನಾವು ಪಾಠಾಂತರವೆಂದು ಅಡಿಟಿಪ್ಪಣಿಗೆ ಕಳಿಸುವಂತಹ ವ್ಯತ್ಯಾಸ. ಇಲ್ಲಿ ಅದು ನೂರಾರು ಎಕರೆಗಳ ಭವಿತವ್ಯವನ್ನು ಬರೆಯಿತು. ಕೆಳಪರಳದ ಇಂದಿನ ಗಾಜಿನ ಕಚೇರಿಗಳೂ ಮಾಲುಗಳೂ ಆ ವಾಕ್ಯದ ಮೇಲೆ ನಿಂತಿವೆ.

ಈ ಬದಲಾವಣೆಯ ಒಟ್ಟು ಫಲವನ್ನು ಜನಗಣತಿ ತೋರಿಸುತ್ತದೆ. ದ್ವೀಪನಗರದ ಜನಸಂಖ್ಯೆ 1981ರಲ್ಲಿ ಸುಮಾರು 32.8 ಲಕ್ಷವಿದ್ದುದು 2011ರಲ್ಲಿ 30.8 ಲಕ್ಷಕ್ಕೆ ಇಳಿದಿತ್ತು. ಉಪನಗರ ಜಿಲ್ಲೆಯಲ್ಲಿ ಅದೇ 2011ರಲ್ಲಿ 93.5 ಲಕ್ಷ ಜನ. ಕಟ್ಟಡಗಳು ಎತ್ತರವಾಗುತ್ತಿದ್ದಾಗಲೇ ನಿವಾಸಿಗಳು ಕಡಿಮೆಯಾದರು. ಕನ್ನಡಿಗರೂ ಈ ಹರಿವಿನಲ್ಲಿ ಉತ್ತರಕ್ಕೆ, ಪೂರ್ವಕ್ಕೆ ಸರಿದರು: ಅಂಧೇರಿ, ಬೊರಿವಲಿ, ಮೀರಾ ರೋಡ್, ಡೊಂಬಿವಲಿ, ನವಿಮುಂಬಯಿ. ಸಮುದಾಯಗಳ ಭವನಗಳು ಕುರ್ಲಾ, ಸಾಂತಾಕ್ರೂಜ್, ಅಂಧೇರಿಗಳಲ್ಲಿ ಎದ್ದದ್ದು ಜನ ಹೋದ ದಾರಿಯಲ್ಲಿಯೇ. ಭಾಷೆಯ ಹೆಸರಿನ ಹಳೆಯ ಸಂಸ್ಥೆಗಳು ಮಾಟುಂಗದ ಸುತ್ತಲೇ ಉಳಿದವು. ಸದಸ್ಯರು ಲೋಕಲ್ ರೈಲಿನಲ್ಲಿ ಬಂದು ನಾಟಕ ನೋಡಿ ಕೊನೆಯ ಗಾಡಿಗೆ ಓಡುವ ಪದ್ಧತಿ ಬೆಳೆಯಿತು. ಮುಂಬಯಿ ಕನ್ನಡ ಕಥೆಗಳಲ್ಲಿ ರೈಲು ಇಷ್ಟು ಜಾಗ ಪಡೆದಿರುವುದಕ್ಕೆ ಕಾರಣವನ್ನು ಕಥೆಗಾರರ ಪ್ರತಿಭೆಯಲ್ಲಿ ಮಾತ್ರ ಹುಡುಕಿದರೆ ಸಾಲದು.

1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆ ಕಟ್ಟಿದ ನವಿಮುಂಬಯಿಯಲ್ಲಿ ವಿಳಾಸಗಳು ಸಂಖ್ಯೆಗಳಾದವು. ವಾಶಿಯ ಒಂಬತ್ತನೆಯ ಸೆಕ್ಟರು ಎಂದರೆ ಅಲ್ಲಿ ಯಾರಿದ್ದಾರೆ, ಏನು ಬೆಳೆಯುತ್ತಿತ್ತು, ಏನು ಮಾರುತ್ತಾರೆ ಒಂದೂ ತಿಳಿಯದು. ಕೇರಿಯ ಹೆಸರು ಆಳನ್ನೂ ವಾಡಿಯ ಹೆಸರು ಮರವನ್ನೂ ಹೇಳಿದರೆ ಸೆಕ್ಟರು ಏನನ್ನೂ ಹೇಳುವುದಿಲ್ಲ. ಸ್ಥಳನಾಮದ ಅಭ್ಯಾಸಿಗೆ ಇದು ಬರಡು ನೆಲವೆನಿಸಬಹುದು. ಆದರೆ ಹೆಸರಿನಲ್ಲಿಯೇ ತನ್ನ ಹುಟ್ಟನ್ನು ಹೊತ್ತು ತಿರುಗಬೇಕಾಗಿದ್ದವನಿಗೆ ಸಂಖ್ಯೆಯ ಈ ಮೌನವೇ ನೆಮ್ಮದಿ. ಆ ನೆಮ್ಮದಿ ಎಷ್ಟು ದೂರ ಹೋಗುತ್ತದೆ ಎಂಬುದು ಬೇರೆ ಮಾತು. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2005ರ ಏಪ್ರಿಲಿನಲ್ಲಿ, ಸಂಘವು ತನ್ನ ಉಪವಿಧಿಯ ಮೂಲಕ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸುವುದನ್ನು ಎತ್ತಿಹಿಡಿಯಿತು. ನಕ್ಷೆಯ ಬಣ್ಣ ಜಾತಿಯನ್ನು ಕೇಳುವುದಿಲ್ಲ. ಬಣ್ಣದ ಒಳಗಿನ ಸೊಸೈಟಿ ಕೇಳಬಹುದು. ಮಾಂಸಾಹಾರಿಗೆ, ಮುಸ್ಲಿಮನಿಗೆ, ದಲಿತನಿಗೆ ಮನೆ ಸಿಗದ ಸಂಗತಿ ಮುಂಬಯಿಯಲ್ಲಿ ಬಾಡಿಗೆ ಹುಡುಕಿದವರಿಗೆಲ್ಲ ಗೊತ್ತು. ಕೇರಿ ಅಳಿಯಲಿಲ್ಲ, ಮೆಟ್ಟಿಲು ಹತ್ತಿತು.

ಸಂಶೋಧಕರಿಗೆ ಇಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ. ಸಂಘಗಳ ಹಳೆಯ ಸದಸ್ಯಪಟ್ಟಿಗಳಲ್ಲಿ ವಿಳಾಸಗಳಿವೆ. ಅವನ್ನು ದಶಕಕ್ಕೊಂದರಂತೆ ಆಯ್ದು, ಕೋಟೆ ಸೇರಿದ ಎ ವಾರ್ಡ್, ಮಾಟುಂಗದ ಎಫ್ ಉತ್ತರ, ವರಳಿಯ ಜಿ ದಕ್ಷಿಣ ವಾರ್ಡುಗಳ 1967ರ, 1991ರ, 2018ರಲ್ಲಿ ಒಪ್ಪಿಗೆ ಪಡೆದ ಯೋಜನೆಗಳ ಹಾಳೆಗಳ ಮೇಲೆ ಗುರುತಿಸಿದರೆ, ಯಾವ ನಿಯಮ ಯಾರನ್ನು ಎಲ್ಲಿಗೆ ಕಳಿಸಿತು ಎಂಬುದು ಊಹೆಯ ಮಾತಾಗಿ ಉಳಿಯುವುದಿಲ್ಲ. ನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳ ದಾಖಲಾತಿ ಪುಸ್ತಕಗಳನ್ನೂ ಇದೇ ರೀತಿ ಓದಬಹುದು. ಈ ಶಾಲೆಗಳು ತೆಳುವಾಗುತ್ತಿರುವುದಕ್ಕೆ ಇಂಗ್ಲಿಷಿನ ಮೋಹವೊಂದನ್ನೇ ಹೊಣೆಮಾಡುವ ಅಭ್ಯಾಸ ನಮ್ಮಲ್ಲಿದೆ. ಮಕ್ಕಳ ತಂದೆತಾಯಿಯರು ಯಾವ ವರ್ಷ ಯಾವ ಚಾಳಿನಿಂದ ಎದ್ದರು ಎಂಬುದನ್ನು ನೋಡಿದ ಮೇಲೆ ಆ ಮಾತನ್ನು ಹೇಳುವುದು ವಿಹಿತ.

ಈ ಚರಿತ್ರೆ ಮುಗಿದುದಲ್ಲವಾದ್ದರಿಂದ ದಾಖಲೆಗೆ ಅವಸರವೂ ಇದೆ. ವರಳಿಯ ಚಾಳುಗಳ ಪುನರ್ನಿರ್ಮಾಣದಲ್ಲಿ ಮೊದಲ ಕಂತಿನ 556 ಕುಟುಂಬಗಳಿಗೆ 2025ರ ಆಗಸ್ಟಿನಲ್ಲಿ ಬೀಗದ ಕೈಗಳನ್ನು ಕೊಡಲಾಯಿತು. 160 ಚದರಡಿಯ ಕೋಣೆಯಿಂದ 500 ಚದರಡಿಯ ಮನೆಗೆ, ಒಳಗೇ ಸ್ನಾನಗೃಹವಿರುವ ಮನೆಗೆ ಅವರು ಹೋಗುತ್ತಾರೆ. ಮಾಟುಂಗದ ಗುಮಾಸ್ತನಿಗೆ ಸಿಕ್ಕಿದ್ದು ವರಳಿಯ ಕಾರ್ಮಿಕನ ಮೊಮ್ಮಗನಿಗೆ ನೂರು ವರ್ಷ ತಡವಾಗಿ ಸಿಕ್ಕಿತು. ಅತ್ತ ಧಾರಾವಿಯಲ್ಲಿ ಇನ್ನೊಂದು ಕುಂಭಾರವಾಡಾ ಇದೆ. ಸೌರಾಷ್ಟ್ರದ ಕಡೆಯ ಕುಂಬಾರರು ದಕ್ಷಿಣ ಮುಂಬಯಿಯಿಂದ ಎಬ್ಬಿಸಲ್ಪಟ್ಟು, 1930ರ ದಶಕದಲ್ಲಿ ಧಾರಾವಿಗೆ ಬಂದು, ಹೆಸರನ್ನೂ ಜೊತೆಗೆ ತಂದರು. ಹಳೆಯ ಕುಂಭಾರವಾಡಾದಲ್ಲಿ ಹೆಸರು ಮಾತ್ರ ಉಳಿದಿದೆ. ಹೊಸದರಲ್ಲಿ ಮನೆಯ ಮುಂದೆ ತಿಗರಿ, ಹಿಂದೆ ಆವಿಗೆ, ಮಾಳಿಗೆಯಲ್ಲಿ ಮಕ್ಕಳು. ಧಾರಾವಿಯ ಪುನರಭಿವೃದ್ಧಿಯ ನಕ್ಷೆಗಳು 2004ರಿಂದ ಹಲವು ಬಾರಿ ಬದಲಾಗಿವೆ. ಮನೆಯನ್ನು ಎಲ್ಲಿಡಬೇಕೆಂದು ಅವು ಬಲ್ಲವು. ಆವಿಗೆಯನ್ನು ಯಾವ ಅಂತಸ್ತಿನಲ್ಲಿಡಬೇಕೆಂದು ಕುಂಬಾರರು ಕೇಳುತ್ತಲೇ ಇದ್ದಾರೆ.